ಹಲ್ಲಿಗೆ ಕ್ಲಿಪ್: ಎಕ್ಸ್‌ರೇ ಸಾಕೇ, ತ್ರೀಡಿ ಸ್ಕ್ಯಾನ್ ಬೇಕೇ?

ಪ್ರಶ್ನೆ: ವಕ್ರದಂತ ಚಿಕಿತ್ಸೆಗೆ ಮುನ್ನ ತಲೆಬುರುಡೆ ಅಳೆಯಲು ಸಾದಾ ಎಕ್ಸ್‌ರೇ ಸಾಕಾಗುವುದಿಲ್ಲವೇ?

ಉತ್ತರ: ಹೆಚ್ಚಿನವರಿಗೆ ಸಾಕು.

1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಬೇರೆಬೇರೆಯಾಗಿ ಎಕ್ಸ್‌ರೇಯಿಂದ ತಲೆಬುರುಡೆ ಅಳೆಯುವ ವಿಧಾನವನ್ನು ಪ್ರಕಟಿಸಿದರು. ತಲೆ ಅಲುಗದಂತೆ ಹಿಡಿದು, ಸುಮಾರು 5 ಅಡಿ ದೂರದಿಂದ ಮುಖದ ಪಕ್ಕದ ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ. ಮೂಗಿನ ಬುಡ, ಮೇಲ್ದವಡೆ, ಕೆಳದವಡೆಗಳಲ್ಲಿ ಬಿಂದುಗಳನ್ನು ಗುರುತಿಸಿ ಕೋನ ಅಳೆದರೆ, ದವಡೆ ಮುಂದೆ ಚಾಚಿದೆಯೇ, ಹಿಂದೆ ಸರಿದಿದೆಯೇ ಎಂಬುದು ತಿಳಿಯುತ್ತದೆ. ಹೋಲಿಸಿ ನೋಡಲು ದಶಕಗಳ ಅಳತೆಗಳೂ ಇವೆ.

ಕೊರತೆಯೂ ಇದೆ. ಗೋಡೆಯ ಮೇಲಿನ ನೆರಳಿನಂತೆ ಇಲ್ಲಿ ಎಡ-ಬಲ ಬದಿಗಳು ಒಂದರ ಮೇಲೊಂದು ಬೀಳುತ್ತವೆ. ಎಕ್ಸ್‌ರೇ ಹೊರಡುವ ಕಡೆಗಿರುವ ಬದಿ ತುಸು ದೊಡ್ಡದಾಗಿ ಕಾಣುತ್ತದೆ.

1990ರ ದಶಕದ ಕೊನೆಗೆ ಬಂದ ಸಿಬಿಸಿಟಿ ಎಂಬ ತ್ರೀಡಿ ಸ್ಕ್ಯಾನ್ ಯಂತ್ರ ತಲೆಯ ಸುತ್ತ ತಿರುಗಿ ಹಲವಾರು ಚಿತ್ರ ಹಿಡಿಯುತ್ತದೆ. ಕಂಪ್ಯೂಟರ್ ಅವುಗಳಿಂದ ನಿಜಗಾತ್ರದ ಅಳತೆ ಸಿಗುವ ರೂಪ ಕಟ್ಟುತ್ತದೆ. ಮುಖದ ಎರಡು ಬದಿ ಸಮನಾಗಿಲ್ಲದಾಗ, ಕೋರೆಹಲ್ಲು ಮೂಳೆಯೊಳಗೆ ಸಿಕ್ಕಿಕೊಂಡಾಗ, ದವಡೆಯ ಶಸ್ತ್ರಚಿಕಿತ್ಸೆ ಯೋಜಿಸುವಾಗ ಇದು ನಿಜಕ್ಕೂ ಅಮೂಲ್ಯ.

ಆದರೆ ಇದರ ವಿಕಿರಣ ಪಕ್ಕದ ಎಕ್ಸ್‌ರೇಗಿಂತ ಸಾಮಾನ್ಯವಾಗಿ ಹಲವು ಪಟ್ಟು ಹೆಚ್ಚು. ಮಕ್ಕಳಿಗೆ ಸ್ಕ್ಯಾನ್ ಬರೆದುಕೊಟ್ಟರೆ, ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ವೈದ್ಯರನ್ನು ತಪ್ಪದೆ ಕೇಳಿ.