ಅಳಿಸಲಾಗದ ಗೆರೆ ಕಲಿಸುವ ಪಾಠ

ಮನೆಯ ಮಕ್ಕಳು ಚಿತ್ರ ಬರೆಯಲು ಲೇಖನಿ ಬೇಕೆಂದು ಕೇಳಿದಾಗ ನಾವು ಬೆಲೆಗಿಂತ ಮೊದಲು ಶಾಯಿಯ ಗುಣವನ್ನು ನೋಡಬೇಕು. ಬಣ್ಣ ಕರಗಿಸಿ ಮಾಡಿದ ಸಾಧಾರಣ ಶಾಯಿಯು ನೀರು ತಗುಲಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ವರ್ಣದ ಸೂಕ್ಷ್ಮ ಕಣಗಳುಳ್ಳ ಪಿಗ್ಮೆಂಟ್ ಶಾಯಿಯಾದರೋ ಒಣಗಿದ ಮೇಲೆ ನೀರಿಗೆ ಅಂಜದು. ಅದರ ಮೇಲೆ ಜಲವರ್ಣವನ್ನೂ ಲೇಪಿಸಬಹುದು. ಜಪಾನಿನ ಸಕುರಾ ಸಂಸ್ಥೆಯ ಪಿಗ್ಮಾ ಮೈಕ್ರಾನ್ ಈ ಬಗೆಯದು. ಅದರಲ್ಲಿ 01 ಎಂದರೆ 0.25 ಮಿ.ಮೀ., 05 ಎಂದರೆ 0.45 ಮಿ.ಮೀ. ಗೆರೆ. ಮೊದಲನೆಯದು ಸೂಕ್ಷ್ಮ ವಿವರಗಳಿಗೆ, ಎರಡನೆಯದು ಹೊರಗೆರೆಗೆ. ಆರಂಭಕ್ಕೆ ಇವೆರಡೇ ಸಾಕು.

ಅಷ್ಟು ವೆಚ್ಚ ಬೇಡವೆನ್ನುವವರಿಗೆ ಬಾಲ್‌ಪೆನ್ ಇದ್ದೇ ಇದೆ. ಹಗುರವಾಗಿ ಎಳೆದರೆ ತಿಳಿಛಾಯೆ, ಒತ್ತಿ ಎಳೆದರೆ ಗಾಢಛಾಯೆ. ಅರಗು ಬೆರೆತ ಇಂಡಿಯನ್ ಇಂಕನ್ನು ಮಾತ್ರ ಫೌಂಟನ್ ಪೆನ್ನಿಗೆ ತುಂಬಬಾರದು. ಒಳಗೇ ಒಣಗಿ ಶಾಯಿಯ ದಾರಿ ಮುಚ್ಚುತ್ತದೆ.

ಲೇಖನಿಯ ಗೆರೆಯನ್ನು ಅಳಿಸಲಾಗದು. ಹಾಗೆಂದು ಹಾಳೆ ಹರಿಯಬೇಕಾಗಿಲ್ಲ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದುದನ್ನು ಎಳೆದು ಮುಂದುವರಿಯಬೇಕು. ಮನಸ್ಸಿಗೂ ಇದೇ ಅಭ್ಯಾಸ ಬೇಕು.

ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆಯು ಪ್ರತಿಭೆ ಸಾಲದೆಂದು ಪ್ರವೇಶ ನಿರಾಕರಿಸಿತ್ತು. ಅವರು ಎದೆಗುಂದಲಿಲ್ಲ. ಮುಂದೆ ಅವರ ‘ಶ್ರೀಸಾಮಾನ್ಯ’ ದೇಶದ ಮನೆಮಾತಾದನು. 2003ರಲ್ಲಿ ಪಾರ್ಶ್ವವಾಯು ಎರಗಿ ದೇಹದ ಎಡಭಾಗ ಸ್ವಾಧೀನ ತಪ್ಪಿದರೂ ಅವರು ಚಿತ್ರ ಬರೆಯುವುದನ್ನು ಬಿಡಲಿಲ್ಲ.

ಮಗುವು ಹಾಳೆಯನ್ನು ತಂದು ತೋರಿಸಿದಾಗ ಹಿರಿಯರಾದ ನಾವು ಡೊಂಕನ್ನೇ ಮೊದಲು ಎತ್ತಿ ಆಡದಿರೋಣ. ಒಂದು ಒಳ್ಳೆಯ ಗೆರೆಯನ್ನು ಗುರುತಿಸಿ ಹೇಳಿದರೂ ಸಾಕು, ನಾಳೆ ಆ ಕೈ ಮತ್ತೆ ಲೇಖನಿ ಹಿಡಿಯುತ್ತದೆ.