ಮಾತ್ರೆ ಮತ್ತು ಕಷಾಯದ ನಡುವೆ: ಅಮೆರಿಕದ ಚೀನೀ ಹಿರಿಯರು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೈನಾಟೌನ್‌ನಲ್ಲಿ ಗಿಡಮೂಲಿಕೆಯ ಅಂಗಡಿಗಳಿಗೂ ಆಧುನಿಕ ಆಸ್ಪತ್ರೆಗೂ ಹೆಚ್ಚು ದೂರವಿಲ್ಲ. ಚೀನೀ ಮೂಲದ ವೃದ್ಧರಲ್ಲಿ ಅನೇಕರು ಎರಡೂ ಕಡೆ ಹೋಗುತ್ತಾರೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೂ ನುಂಗುತ್ತಾರೆ, ಮನೆಯಲ್ಲಿ ಬೇರು ಕುದಿಸಿದ ಕಷಾಯವನ್ನೂ ಕುಡಿಯುತ್ತಾರೆ. ಆದರೆ ಒಂದು ಕಡೆಯ ಸಂಗತಿ ಎಷ್ಟೋ ಸಲ ಇನ್ನೊಂದು ಕಡೆಗೆ ತಿಳಿಯುವುದೇ ಇಲ್ಲ. ಈ ಮೌನದಿಂದ ಒದಗುವ ಅಪಾಯವನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಇದಕ್ಕೊಂದು ಹಿನ್ನೆಲೆಯಿದೆ. ಚೀನೀ ಕಾರ್ಮಿಕರ ವಲಸೆಯನ್ನು ತಡೆದ ೧೮೮೨ರ ಕಾನೂನು ರದ್ದಾದದ್ದು ೧೯೪೩ರಲ್ಲಿ. ಆ ತಾರತಮ್ಯದ ದಿನಗಳಲ್ಲಿ ಸಮುದಾಯದವರು ಒಗ್ಗೂಡಿ ೧೯೨೫ರಲ್ಲಿ ತಮ್ಮದೇ ಆದ ‘ಚೈನೀಸ್ ಹಾಸ್ಪಿಟಲ್’ ತೆರೆದರು. ೧೯೬೫ರ ವಲಸೆ ಕಾನೂನಿನ ಬಳಿಕ, ಪೌರತ್ವ ಪಡೆದ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಳ್ಳುವುದು ಸುಲಭವಾಯಿತು. ಇಳಿವಯಸ್ಸಿನಲ್ಲಿ ಹೀಗೆ ಬಂದವರಿಗೆ ಇಂಗ್ಲಿಷ್ ಒಗ್ಗುವುದು ಕಷ್ಟ. ವೈದ್ಯರ ಮುಂದೆ ಮೊಮ್ಮಕ್ಕಳೇ ದುಭಾಷಿಗಳಾಗುತ್ತಾರೆ. ಅಜ್ಜಿ ಕುದಿಸುವ ಬೇರಿನ ಹೆಸರು ಆ ಮಕ್ಕಳಿಗೆ ಯಾವ ಭಾಷೆಯಲ್ಲಿಯೂ ತಿಳಿದಿರುವುದಿಲ್ಲ.

ಚೀನೀ ವೈದ್ಯಪದ್ಧತಿಯಲ್ಲಿ ಆರೋಗ್ಯವೆಂದರೆ ಯಿನ್ ಮತ್ತು ಯಾಂಗ್‌ಗಳ ಸಮತೋಲ. ಆಹಾರವನ್ನೂ ರೋಗವನ್ನೂ ಉಷ್ಣ, ಶೀತ ಎಂದು ವಿಂಗಡಿಸುವ ಕ್ರಮ ನಮಗೂ ಹೊಸದಲ್ಲ. ಆಸ್ಪತ್ರೆಯಲ್ಲಿ ಕೊಡುವ ಐಸ್ ಹಾಕಿದ ನೀರನ್ನು ಮುಟ್ಟದೆ ಬಿಸಿನೀರು ಕೇಳುವ ಹಿರಿಯರ ಮನಸ್ಸು ನಮಗೆ ಅರ್ಥವಾಗುತ್ತದೆ. ಪಾಶ್ಚಾತ್ಯ ಔಷಧ ಬೇಗ ಗುಣ ನೀಡಿದರೂ ದೇಹಕ್ಕೆ ತೀಕ್ಷ್ಣವೆಂಬ ಭಾವನೆಯೂ ಅವರಲ್ಲಿ ವ್ಯಾಪಕವಾಗಿದೆ. ಆದ್ದರಿಂದ ತಲೆನೋವು, ತಲೆಸುತ್ತು ಇಲ್ಲವೆಂದೊಡನೆ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ.

ಗಿಡಮೂಲಿಕೆಯಿಂದ ಕೆಡುಕಾಗದೆಂಬ ನಂಬಿಕೆ ಇನ್ನೂ ಅಪಾಯಕಾರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯೊಡನೆ ಡಾನ್‌ಶೆನ್ ಅಥವಾ ಡಾಂಗ್ ಕ್ವಾಯ್ ಬೇರು ಸೇರಿದರೆ ರಕ್ತಸ್ರಾವದ ಭಯ ಹೆಚ್ಚುತ್ತದೆ. ಜಿನ್‌ಸೆಂಗ್ ಅದೇ ಮಾತ್ರೆಯ ಪರಿಣಾಮವನ್ನು ಕುಗ್ಗಿಸಬಲ್ಲದು. ಅರಿಸ್ಟೊಲೊಕಿಕ್ ಆಮ್ಲವಿರುವ ಮೂಲಿಕೆಗಳು ಮೂತ್ರಪಿಂಡವನ್ನೇ ಹಾಳುಮಾಡುತ್ತವೆಂಬುದು ೧೯೯೦ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಬೆಳಕಿಗೆ ಬಂದಿತು. ವೈದ್ಯರು ಕೇಳುವುದಿಲ್ಲ, ಗದರಿಯಾರೆಂಬ ಅಳುಕಿನಿಂದ ಹಿರಿಯರು ಹೇಳುವುದಿಲ್ಲ.

ಈ ಅಂತರವನ್ನು ತುಂಬುವ ಯತ್ನಗಳೂ ನಡೆದಿವೆ. ಚೈನಾಟೌನ್ ಪರಿಸರದಲ್ಲಿ ೧೯೭೧ರಲ್ಲಿ ಹುಟ್ಟಿದ ‘ಆನ್ ಲೋಕ್’ ಸಂಸ್ಥೆಯ ಹೆಸರಿಗೆ ಕ್ಯಾಂಟೊನೀಸ್ ಭಾಷೆಯಲ್ಲಿ ಶಾಂತಿ ಸಂತೋಷಗಳ ನೆಲೆ ಎಂಬರ್ಥವಿದೆ. ವೃದ್ಧರು ಮನೆಯಲ್ಲಿಯೇ ಇದ್ದು, ಹಗಲಿನಲ್ಲಿ ಕೇಂದ್ರಕ್ಕೆ ಬಂದು ವೈದ್ಯರು, ದಾದಿಯರು, ಊಟ, ಒಡನಾಟ ಎಲ್ಲವನ್ನೂ ಒಂದೆಡೆ ಪಡೆಯುವ ವ್ಯವಸ್ಥೆ ಅದು. ಇದೇ ಮಾದರಿಯನ್ನು ಅಮೆರಿಕ ಸರ್ಕಾರ ೧೯೯೭ರಲ್ಲಿ ಮೆಡಿಕೇರ್ ಯೋಜನೆಯ ಶಾಶ್ವತ ಅಂಗವಾಗಿಸಿತು. ದೀರ್ಘಕಾಲದ ಸೊಂಟನೋವಿನ ಅಕ್ಯುಪಂಕ್ಚರ್ ಚಿಕಿತ್ಸೆಗೂ ೨೦೨೦ರಿಂದ ಮೆಡಿಕೇರ್ ನೆರವು ದೊರೆಯುತ್ತಿದೆ.

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ಮಕ್ಕಳೊಡನೆ ನೆಲೆಸಿದ ನಮ್ಮ ಹಿರಿಯರ ಸ್ಥಿತಿಯೂ ಬಹಳ ಭಿನ್ನವಲ್ಲ. ವೈದ್ಯರಿಗೆ ಕನ್ನಡ ಬಾರದು, ಹಿರಿಯರಿಗೆ ಹಿಂದಿ, ಮರಾಠಿ ಸಾಲದು. ಕೆಮ್ಮಿಗೆ ನಾವು ಬಳಸುವ ಜೇಷ್ಠಮಧು ಚೀನೀ ಕಷಾಯಗಳಲ್ಲಿಯೂ ಉಂಟು. ಬಹುಕಾಲ ಹೆಚ್ಚಾಗಿ ಸೇವಿಸಿದರೆ ಅದು ರಕ್ತದೊತ್ತಡವನ್ನು ಏರಿಸುತ್ತದೆ. ಆದುದರಿಂದ ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮಾತ್ರೆಗಳೊಡನೆ ಚೂರ್ಣ, ಲೇಹ್ಯ, ಕಷಾಯದ ಪೊಟ್ಟಣಗಳನ್ನೂ ಒಂದೇ ಚೀಲದಲ್ಲಿ ಒಯ್ಯೋಣ. ಅದಕ್ಕೆ ಮುನ್ನ ಹಿರಿಯರ ಬಳಿ ಕುಳಿತು, ಆಕ್ಷೇಪಿಸದೆ, ಅವರು ಏನೇನು ಸೇವಿಸುತ್ತಿದ್ದಾರೆಂದು ಕೇಳಿ ತಿಳಿಯೋಣ.