ಠುಸ್ಸೆಂದ ತೋಟಾ, ನಳಿಗೆಯಲ್ಲೇ ಉಳಿದ ಗುಂಡು

ಉದ್ದಕ್ಕೆ ಸೀಳಿದ್ದ ಆ ರಿವಾಲ್ವರ್ ನಳಿಗೆಯೊಳಗೆ ಸೀಸದ ಗುಂಡುಗಳು ಒಂದರ ಬೆನ್ನಿಗೊಂದು ಒತ್ತಿಕೊಂಡು, ಚಪ್ಪಟೆಯಾಗಿ, ಬಿಡಿಸಲಾಗದಂತೆ ಕೂತಿದ್ದವು. “ಮೊದಲನೆಯದು ಹೊರಗೆ ಹೋಗಲೇ ಇಲ್ಲ. ಹೊಡೆಯುತ್ತಿದ್ದವನಿಗೆ ಅದು ಗೊತ್ತಾಗಲಿಲ್ಲ, ಹೊಡೆಯುತ್ತಲೇ ಹೋದ” ಎಂದರು ಅದನ್ನು ನನ್ನ ಕೈಗಿಟ್ಟವರು. ಅಮೆರಿಕದ ಒಹಾಯೊದಲ್ಲಿರುವ ನನ್ನ ತಂಗಿಯ ನೆರೆಮನೆಯವರು ಅವರು, ಲೇತ್ ಕೆಲಸ ಮಾಡಿ ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿ ಕಾರು ನಿಲ್ಲುವುದಿಲ್ಲ. ಅಲ್ಲಿರುವುದು ಉದ್ದನೆಯ ಮರದ ಬೆಂಚು, ಕೈಯಿಂದ ಒತ್ತುವ ಪ್ರೆಸ್, ಸಣ್ಣ ತಕ್ಕಡಿ, ಡಬ್ಬಗಟ್ಟಲೆ ಖಾಲಿ ಹಿತ್ತಾಳೆ ತೋಟಾ. ಹಾರಿಸಿದ ತೋಟಾಗಳಿಗೆ ಕಿಡಿ ಹೊತ್ತಿಸುವ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುವ ಈ ರೀಲೋಡಿಂಗ್ ಅಲ್ಲಿ ಸಾವಿರಾರು ಜನರ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.

ಮದ್ದು ಹೆಚ್ಚಾದರೆ ಅಪಾಯ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಆ ನಳಿಗೆ ನನಗೆ ಕಲಿಸಿದ್ದು ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು. ಮದ್ದೇ ಇಲ್ಲದ ತೋಟಾದಲ್ಲೂ ಕೇಪು ಸಿಡಿಯುತ್ತದೆ. ಗುಂಡನ್ನು ಹಿತ್ತಾಳೆಯಿಂದ ಕಿತ್ತು ನಳಿಗೆಯೊಳಕ್ಕೆ ಸ್ವಲ್ಪ ದೂರ ನೂಕಲು ಆ ಶಕ್ತಿ ಸಾಕು, ಹೊರಗೆ ಕಳಿಸಲು ಸಾಲದು. ಕೇಳಿಸುವುದು ಠುಸ್ ಎಂಬ ಸದ್ದು, ಕೈಗೆ ಒದೆತ ಬಹುತೇಕ ಇಲ್ಲ. ಅಷ್ಟರಮಟ್ಟಿಗೆ ಯಾರಿಗೂ ಏನೂ ಆಗಿರುವುದಿಲ್ಲ. ಕೆಡುಕೆಲ್ಲ ಇರುವುದು ಮುಂದಿನ ತೋಟಾದಲ್ಲಿ. ಪೂರ್ತಿ ಮದ್ದಿನ ಗುಂಡು ಹಿಂದಿನಿಂದ ಬಂದು ಅಪ್ಪಳಿಸಿದಾಗ ನಳಿಗೆ ಉಂಗುರದಂತೆ ಉಬ್ಬುತ್ತದೆ, ಇಲ್ಲವೇ ಕೈಯಲ್ಲೇ ಸೀಳುತ್ತದೆ.

ಇದರ ಅತಿ ದಾರುಣ ಉದಾಹರಣೆ ನಡೆದದ್ದು ಸಿನಿಮಾ ಸೆಟ್ಟಿನಲ್ಲಿ. ಬ್ರೂಸ್ ಲೀ ಮಗ, ನಟ ಬ್ರ್ಯಾಂಡನ್ ಲೀ 1993ರ ಮಾರ್ಚ್ 31ರಂದು ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ‘ದ ಕ್ರೋ’ ಚಿತ್ರೀಕರಣದ ವೇಳೆ ಸತ್ತಾಗ ವಯಸ್ಸು 28. ಹತ್ತಿರದ ಶಾಟ್‌ಗಾಗಿ ರಿವಾಲ್ವರಿನಲ್ಲಿ ನಿಜವಾದಂತೆ ಕಾಣುವ ತೋಟಾ ಬೇಕಿತ್ತು. ಚಿತ್ರತಂಡದವರು ಅಸಲಿ ತೋಟಾಗಳನ್ನು ಬಿಚ್ಚಿ, ಮದ್ದು ಸುರಿದು, ಗುಂಡನ್ನು ಮತ್ತೆ ಕೂರಿಸಿದರು. ಕೇಪು ಮಾತ್ರ ಉಳಿಯಿತು. ಯಾವಾಗಲೋ ಆ ಕೇಪು ಸಿಡಿದು ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡಿತು, ಯಾರೂ ಇಣುಕಲಿಲ್ಲ. ಮುಂದೆ ಅದೇ ರಿವಾಲ್ವರಿಗೆ ಗುಂಡಿಲ್ಲದ, ಬರೀ ಮದ್ದಿನ ಬ್ಲ್ಯಾಂಕ್ ತೋಟಾ ತುಂಬಿ ಹಾರಿಸಿದಾಗ ಸಿಕ್ಕಿಕೊಂಡಿದ್ದ ಗುಂಡು ಹೊರಬಂದು ಲೀ ಅವರ ಹೊಟ್ಟೆಗೆ ಹೊಕ್ಕಿತು. ಆ ಅರ್ಧಂಬರ್ಧ ತೋಟಾವನ್ನು ಕೈಯಾರೆ ಮಾಡಿಕೊಂಡವರು ಇದನ್ನು ತಿಳಿದಿರಲೇಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅಲ್ಲಿ ಮದ್ದನ್ನು ಬೇಕೆಂದೇ ತೆಗೆದಿದ್ದರು. ಬೆಂಚಿನ ಮುಂದೆ ತೋಟಾ ತುಂಬುವವರು ಮದ್ದು ಹಾಕಲು ಮರೆಯುವುದಾದರೂ ಹೇಗೆ? ಇದರ ಹಿಂದೆ ನನ್ನನ್ನು ಬಿಡದೆ ಹಿಡಿದಿಟ್ಟ ಒಂದು ಸೋಜಿಗವಿದೆ. ನೆರೆಮನೆಯವರು ತುಂಬುವುದು ಹೆಚ್ಚಾಗಿ .38 ಸ್ಪೆಷಲ್ ತೋಟಾ. ಅದು ಹುಟ್ಟಿದ್ದು 1898ರ ಸುಮಾರಿಗೆ, ಕರಿಮದ್ದಿನ ಅಳತೆಗೆ. ಕರಿಮದ್ದು ಹಿತ್ತಾಳೆಯ ಹೊಟ್ಟೆಯನ್ನು ತುಂಬಿಕೊಳ್ಳುತ್ತಿತ್ತು. ಅಷ್ಟರಲ್ಲಾಗಲೇ ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಾಗಿತ್ತು. ಅದು ಎಷ್ಟೋ ಪಟ್ಟು ಬಿರುಸು, ಹಾಗಾಗಿ ಚಿಟಿಕೆಯಷ್ಟು ಸಾಕು. ತೋಟಾದ ಗಾತ್ರ ಮಾತ್ರ ಹಳೆಯದೇ ಉಳಿಯಿತು. ಇವತ್ತು ಗುರಿ ಅಭ್ಯಾಸದ ತೋಟಾದಲ್ಲಿ ಬೀಳುವ ಮದ್ದು ಅಕ್ಕಸಾಲಿಗರ ಎರಡು ಗುಲಗಂಜಿ ತೂಗುವಷ್ಟು. ಅದು ತಳದಲ್ಲೆಲ್ಲೋ ಅಡಗುತ್ತದೆ, ಮೇಲೆಲ್ಲ ಖಾಲಿ. ಮದ್ದು ಇಲ್ಲದಿದ್ದರೂ, ಎರಡು ಸಲ ಬಿದ್ದಿದ್ದರೂ ಗುಂಡು ಒಂದೇ ರೀತಿ ಸಲೀಸಾಗಿ ಕೂರುತ್ತದೆ. ಮುಗಿದ ತೋಟಾವನ್ನು ತೂಗಿ ನೋಡಬಾರದೇ ಎಂದು ಕೇಳಿದೆ. ಅವರು ಬೇರೆ ಬೇರೆ ಕಂಪನಿಗಳ ಖಾಲಿ ಹಿತ್ತಾಳೆಗಳನ್ನು ತಕ್ಕಡಿಗೆ ಹಾಕಿ ತೋರಿಸಿದರು. ಹಿತ್ತಾಳೆಯ ತೂಕದ ಹೆಚ್ಚುಕಮ್ಮಿಯೇ ಆ ಮದ್ದನ್ನು ನುಂಗಿಬಿಡುವಂತಿತ್ತು.

ಆದ್ದರಿಂದ ಅವರು ನಂಬುವುದು ಕಣ್ಣನ್ನು. 50 ಗುಳಿಗಳ ಮರದ ಹಲಗೆಯಲ್ಲಿ ಮದ್ದು ಹಾಕಿದ ತೋಟಾಗಳನ್ನು ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಬಿಟ್ಟು ಒಂದೊಂದರೊಳಕ್ಕೂ ಇಣುಕುತ್ತಾರೆ. ಒಂದೇ ಎಳೆತಕ್ಕೆ ಒಂದೊಂದು ತೋಟಾ ಉದುರಿಸುವ ಪ್ರೊಗ್ರೆಸಿವ್ ಪ್ರೆಸ್‌ಗಳಲ್ಲಿ ಮದ್ದಿನ ಮಟ್ಟ ಪರೀಕ್ಷಿಸುವ ಸಾಧನ ಸಿಗುತ್ತದೆ ನಿಜ. ನನಗೆ ಆ ಹಲಗೆಯ ಮೇಲೇ ಹೆಚ್ಚು ನಂಬಿಕೆ. ನಮ್ಮ ಮಲೆನಾಡಿನ ಕೇಪಿನ ಕೋವಿಯವರೂ ಇದನ್ನೇ ಮಾಡುತ್ತಿದ್ದರು. ಮದ್ದು ಜಡಿದ ಮೇಲೆ, ಜಡಿಯುವ ಸರಳಾದ ಗಜ ನಳಿಗೆಯಿಂದ ಎಷ್ಟು ಬೆರಳು ಮೇಲೆ ನಿಂತಿದೆ ಎಂದು ಅಳೆಯದೆ ಹಿರಿಯರು ಕೋವಿ ಎತ್ತುತ್ತಿರಲಿಲ್ಲ.

ಇಷ್ಟಾದರೂ ಒಂದು ದಿನ ಠುಸ್ ಎಂದೀತು. ಪಿಸ್ತೂಲಾದರೆ ಬಲವಿಲ್ಲದ ತೋಟಾ ಸ್ಲೈಡನ್ನು ಹಿಂದಕ್ಕೆ ತಳ್ಳದೆ, ಮುಂದಿನದು ತಾನಾಗಿ ಒಳಗೆ ಹೋಗದೆ ಉಳಿಯುವುದುಂಟು. ಆ ತಡೆಯನ್ನೇ ಕೆಡಿಸುವುದು ತರಬೇತಿಯ ಚುರುಕು: ತಟ್ಟು, ಸ್ಲೈಡ್ ಎಳೆ, ಹೊಡೆ. ಪೊಲೀಸರಿಗೆ, ಸ್ಪರ್ಧಿಗಳಿಗೆ ಉರುಹೊಡೆಸುವ ಈ ಅಭ್ಯಾಸವೇ ಮುಚ್ಚಿದ ನಳಿಗೆಗೆ ಹೊಸ ತೋಟಾ ತುಂಬಿಬಿಡುತ್ತದೆ. ರಿವಾಲ್ವರಿನಲ್ಲಂತೂ ಆ ತಡೆಯೂ ಇಲ್ಲ, ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಸಿದ್ಧ. ಶಬ್ದ ವಿಚಿತ್ರವೆನಿಸಿದೊಡನೆ ಬೆರಳು ತೆಗೆಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳಲೂಬಹುದು, ಹಾಗಾಗಿ ನಳಿಗೆಯ ಬಾಯಿಯನ್ನು ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷವಾದರೂ ಕಾಯಬೇಕು. ಆಮೇಲೆ ಪೂರ್ತಿ ಖಾಲಿ ಮಾಡಿ, ನಳಿಗೆಯೊಳಗೆ ಸರಳು ಹಾಕಿ ನೋಡಬೇಕು. ಸಿಕ್ಕಿಕೊಂಡ ಗುಂಡನ್ನು ಹಿತ್ತಾಳೆ ಸರಳಿನಿಂದ ಮೆಲ್ಲಗೆ ತಟ್ಟಿ ಹೊರತೆಗೆಯುವವರಿದ್ದಾರೆ. ಅನುಭವವಿಲ್ಲದವರು ಕೋವಿ ರಿಪೇರಿಯವರ ಬಳಿ ಒಯ್ಯುವುದೇ ಸರಿ. ಇನ್ನೊಂದು ತೋಟಾ ಹೊಡೆದು ಹಳೆಯದನ್ನು ಹೊರಹಾಕುವ ಯೋಚನೆಯಂತೂ ಬರಲೇಬಾರದು.

ಅಲ್ಲಿಗೂ ಕೆಲಸ ಮುಗಿಯುವುದಿಲ್ಲ, ಮಿಕ್ಕ ಪೆಟ್ಟಿಗೆ ಇದೆಯಲ್ಲ. ಮದ್ದನ್ನು ಅಳೆದು ಸುರಿಯುವ ಯಂತ್ರದ ಕೊಳವೆಯಲ್ಲಿ ಅದು ಕಟ್ಟಿಕೊಂಡು ಒಂದು ತೋಟಾ ಬರಿದಾಗಿದ್ದರೆ, ಆ ಮದ್ದು ಎಲ್ಲಿಗೆ ಹೋಯಿತು? ಕಟ್ಟಿದ್ದು ಕಳಚಿ ಪಕ್ಕದ ತೋಟಾಕ್ಕೆ ತನ್ನ ಪಾಲಿನ ಜೊತೆ ಬಿದ್ದಿರಬಹುದು. ಬಲವಿಲ್ಲದ ತೋಟಾ ಇದ್ದ ಪೆಟ್ಟಿಗೆಯಲ್ಲಿ ಅತಿ ಬಲದ್ದೂ ಒಂದಿರಬಹುದು ಎಂದೇ ಎಣಿಸಬೇಕು. ನೆರೆಮನೆಯವರು ಅಂಥ ದಿನ ಅದೇ ಬಾರಿ ತುಂಬಿದ್ದಷ್ಟನ್ನೂ ಮನೆಗೆ ತಂದು, ಗುಂಡು ಕೀಳುವ ಸುತ್ತಿಗೆಯಿಂದ ಒಂದೊಂದನ್ನೂ ಬಿಚ್ಚಿ, ಮದ್ದನ್ನು ತೂಗಿ ನೋಡುತ್ತಾರೆ. ಲೆಕ್ಕ ತಪ್ಪಿದ್ದು ಸಿಕ್ಕಿದರೂ ಸಿಗದಿದ್ದರೂ ಕೊನೆಯ ತೋಟಾದವರೆಗೆ ಬಿಚ್ಚುತ್ತಾರೆ.